ಮಿಕ್ಕಿ ಮೌಸ್ ಅರ್ಧಕ್ಕೆ ನಿಂತಿದ್ದು ನಿಜವಾ?

ಇಂಥದ್ದೊಂದು ಸಂದೇಶ ಆಗಾಗ ಫಾರ್ವರ್ಡ್ ಆಗುತ್ತಿರುತ್ತದೆ: ‘ಎರಡನೇ ಮಹಾಯುದ್ಧ ಶುರುವಾದಾಗ ಬಿಬಿಸಿ ಟಿವಿ ಮಿಕ್ಕಿ ಮೌಸ್ ಕಾರ್ಟೂನನ್ನು ಅರ್ಧಕ್ಕೇ ನಿಲ್ಲಿಸಿತು. ಯುದ್ಧ ಮುಗಿದ ಮೇಲೆ ಅದೇ ಜಾಗದಿಂದ ಮುಂದುವರಿಸಿತು.’ ಕೇಳೋಕೆ ತುಂಬಾ ಚೆಂದ. ಆದರೆ ನಡೆದದ್ದು ಹೀಗಲ್ಲ.

1939ರ ಸೆಪ್ಟೆಂಬರ್ 1, ಶುಕ್ರವಾರ. ಬಿಬಿಸಿಯ ಟಿವಿ ಕೇಂದ್ರವಿದ್ದ ಲಂಡನ್ನಿನ ಅಲೆಕ್ಸಾಂಡ್ರಾ ಪ್ಯಾಲೇಸ್‌ನಿಂದ ಆ ಕಾರ್ಟೂನ್ ಪೂರ್ತಿ ಪ್ರಸಾರವಾಯಿತು. ಆಮೇಲೆ ಸ್ವಲ್ಪ ಹೊತ್ತು ಪರೀಕ್ಷಾ ಸಂಕೇತಗಳು ಬಂದವು. ಮಧ್ಯಾಹ್ನ ಹನ್ನೆರಡೂವರೆ ದಾಟುತ್ತಿದ್ದಂತೆ ಪರದೆ ಖಾಲಿಯಾಯಿತು. ವಿದಾಯದ ಮಾತೇ ಇರಲಿಲ್ಲ. ಬ್ರಿಟನ್ ಯುದ್ಧ ಘೋಷಿಸಿದ್ದು ಅದಾಗಿ ಎರಡು ದಿನಕ್ಕೆ. ಟಿವಿ ಸಂಕೇತ ಹಿಡಿದು ಶತ್ರು ವಿಮಾನಗಳು ದಾರಿ ಕಂಡುಕೊಳ್ಳಬಹುದು ಅನ್ನೋ ಭಯವಿತ್ತು. ಟಿವಿ ಎಂಜಿನಿಯರ್‌ಗಳು ರಾಡಾರ್ ಕೆಲಸಕ್ಕೂ ಬೇಕಾಗಿದ್ದರು.

ಹೆಚ್ಚುಕಡಿಮೆ ಏಳು ವರ್ಷ ಕತ್ತಲೆ.

1946ರ ಜೂನ್ 7ರ ಮಧ್ಯಾಹ್ನ 3 ಗಂಟೆಗೆ ಪರದೆ ಮತ್ತೆ ಬೆಳಗಿತು. ಯುದ್ಧಕ್ಕೆ ಮುಂಚಿನ ನಿರೂಪಕಿ ಜಾಸ್ಮಿನ್ ಬ್ಲೈ ಬಂದು, ‘ಎಲ್ಲರೂ ಹೇಗಿದ್ದೀರಿ? ನನ್ನ ನೆನಪಿದೆಯಾ?’ ಅಂತ ಕೇಳಿದರು. ಎಷ್ಟು ಆಪ್ತವಾದ ಮಾತು, ಅಲ್ವಾ? ನನಗಂತೂ ಫಾರ್ವರ್ಡ್ ಕಥೆಗಿಂತ ಈ ಪ್ರಶ್ನೆಯೇ ಜಾಸ್ತಿ ಇಷ್ಟ. ಅವತ್ತು ಮಾರ್ಗೊ ಫಾಂಟೇನ್ ಅವರ ಬ್ಯಾಲೆ ನೃತ್ಯವೂ ಇತ್ತು. ಅದೇ ಮಿಕ್ಕಿ ಕಾರ್ಟೂನನ್ನೂ ತೋರಿಸಿದರು. ಇಷ್ಟು ಭಾಗ ನಿಜ. ಆದರೆ ತೋರಿಸಿದ್ದು ಮೊದಲಿನಿಂದ. ಮರುದಿನ ಲಂಡನ್ನಿನ ವಿಜಯೋತ್ಸವದ ಮೆರವಣಿಗೆಯನ್ನು ಜನ ಮನೆಯಲ್ಲೇ ಕೂತು ನೋಡಿದರು.