ಸ್ಪಷ್ಟನೆ: ತೋಲೋಲಿಂಗ್ ಬಳಿ ಮಡಿದವರು ನಾಲ್ವರು

1999ರ ಮೇ 28ರಂದು ಕಾರ್ಗಿಲ್ ಯುದ್ಧದಲ್ಲಿ ತೋಲೋಲಿಂಗ್ ಶಿಖರದ ಬಳಿ ಬಿದ್ದದ್ದು ಬೆಂಗಳೂರಿನ ಎಚ್‌ಎಎಲ್ ನಿರ್ಮಿತ ಧ್ರುವ್ ಹೆಲಿಕಾಪ್ಟರ್ ಎಂದೂ, ತಾಂತ್ರಿಕ ದೋಷದಿಂದ ಇಬ್ಬರು ಪೈಲಟ್‌ಗಳು ಸತ್ತರೆಂದೂ ನಗರದ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಹರಿದಾಡುತ್ತಿರುವ ಸಂದೇಶ ಸರಿಯಲ್ಲ. ಧ್ರುವ್ ಸೇನೆ ಸೇರಿದ್ದೇ 2002ರಲ್ಲಿ. ಅಂದು ಉರುಳಿದ್ದು ರಷ್ಯಾ ನಿರ್ಮಿತ ಎಂಐ-17; ರಾಕೆಟ್ ದಾಳಿಗೆ ತೆರಳಿದ್ದ ಅದನ್ನು ಹೆಗಲ ಮೇಲಿಂದ ಹಾರಿಸುವ, ಎಂಜಿನ್ನಿನ ಶಾಖವನ್ನು ಬೆನ್ನಟ್ಟುವ ಸ್ಟಿಂಗರ್ ಕ್ಷಿಪಣಿ ಹೊಡೆದುರುಳಿಸಿತು; ಅಂಥ ಕ್ಷಿಪಣಿಯ ದಿಕ್ಕು ತಪ್ಪಿಸುವ ಫ್ಲೇರ್‌ಗಳು ಆ ಹೆಲಿಕಾಪ್ಟರಿನಲ್ಲಿ ಇರಲಿಲ್ಲ. ಮಡಿದವರು ಸ್ಕ್ವಾಡ್ರನ್ ಲೀಡರ್ ರಾಜೀವ್ ಪುಂಡೀರ್, ಫ್ಲೈಟ್ ಲೆಫ್ಟಿನೆಂಟ್ ಎಸ್. ಮುಹಿಲನ್, ಸಾರ್ಜೆಂಟ್ ಪಿ.ವಿ.ಎನ್.ಆರ್. ಪ್ರಸಾದ್ ಮತ್ತು ಸಾರ್ಜೆಂಟ್ ಆರ್.ಕೆ. ಸಾಹು. ಅಧಿಕಾರಿಗಳನ್ನಷ್ಟೇ ನೆನೆದು ಸಾರ್ಜೆಂಟ್‌ಗಳನ್ನು ಕೈಬಿಡುವ ಚಾಳಿ (ಹೊಸದೇನಲ್ಲ) ಇಲ್ಲಿಯೂ ಕಾಣುತ್ತದೆ. ಆದ್ದರಿಂದ ಸಂದೇಶವನ್ನು ಹಂಚಿದವರು ಅದನ್ನು ಅಳಿಸಿ, ನಾಲ್ಕೂ ಹೆಸರುಗಳಿರುವ ವಿವರವನ್ನು ಕಳುಹಿಸಬೇಕೆಂದು ಕೋರುತ್ತೇವೆ.