ಕಳ್ಳನ ಪಾತ್ರ ಕೊಟ್ಟಿದ್ದೇ ತಪ್ಪಾಯ್ತು

“ರಾಜನ ತಮ್ಮನೇ ವಿಷ ಹಾಕಿಸಿದ್ದು, ಅಲ್ವಾ?”

ನಿನ್ನೆ ಆಟ ಶುರುವಾಗಿ ಹತ್ತು ನಿಮಿಷವೂ ಆಗಿರಲಿಲ್ಲ. ಎಂಟು ಭಾನುವಾರ ಎಳೆಯಬೇಕು ಅಂತ ಕಟ್ಟಿದ್ದ ಗುಟ್ಟು. ಚಹಾ ಕೂಡ ಇನ್ನೂ ಬಂದಿರಲಿಲ್ಲ.

ನಮ್ಮ ಭಾನುವಾರದ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ನಿಮಗೆಲ್ಲ ಗೊತ್ತೇ ಇದೆ: ಒಬ್ಬ ಕಥೆ ನಡೆಸ್ತಾನೆ, ಮಿಕ್ಕವರು ಅದರೊಳಗಿನ ಪಾತ್ರಗಳಾಗಿ ದಾಳ ಹಾಕುತ್ತಾ ಆಡ್ತಾರೆ. “ಈ ವಯಸ್ಸಲ್ಲೂ ದಾಳ ಉರುಳಿಸ್ತಾ ಕೂತಿರ್ತಾನೆ” ಅಂತ ಅಮ್ಮ ನೆಂಟರ ಮುಂದೆ ಹೇಳುವ ಅದೇ ಆಟ. (1974ರಿಂದ ಇದೆ ಅಮ್ಮಾ, ನನಗಿಂತ ದೊಡ್ಡದು.) ಕಥೆ ನಡೆಸುವವನು ನಾನು. ಈ ಸಲ ಹಾಳೆ ಮೇಲೆ ಗೀಚುವುದು ಬೇಡ, ಮೊಬೈಲಿನಲ್ಲೇ ಹಿಗ್ಗಿಸಿ, ಎಳೆದು, ಊರು ಮುಟ್ಟಿದರೆ ಅದರ ಸುದ್ದಿ ಬರುವಂಥ ನಕ್ಷೆ ಮಾಡೋಣ ಅಂತ ಹೊರಟೆ.

ಮೂರು ವಾರ ಹೋಯಿತು. ಚಿತ್ರ ನಾನೇ ಬರೆದೆ. ಗಾಳಿ ಪಡುವಣದಿಂದ, ಬೆಟ್ಟದ ಈಚೆ ದಟ್ಟ ಕಾಡು, ಆಚೆ ಒಣ ಬಯಲು. ಇದಕ್ಕೆ ಪುಸ್ತಕ ಓದಬೇಕಿಲ್ಲ, ಆಗುಂಬೆ ನೋಡಿ ಚಿತ್ರದುರ್ಗಕ್ಕೆ ಹೋದರೆ ಸಾಕು. ಆರು ಮೈಲಿಗೊಂದು ಷಟ್ಕೋನದ ಮನೆ ಹಾಕಿದೆ. ಆಟದ ಐದನೇ ಆವೃತ್ತಿಯ ನಿಯಮದಲ್ಲಿ ಸಾಧಾರಣ ನಡಿಗೆಗೆ ದಿನಕ್ಕೆ 24 ಮೈಲಿ, ಅಂದರೆ ನಾಲ್ಕು ಮನೆ. ಚಿತ್ರವನ್ನು ಲೀಫ್ಲೆಟ್ ಅನ್ನುವ ಪುಕ್ಕಟೆ ಲೈಬ್ರರಿಗೆ (ವೆಬ್ ಪುಟದಲ್ಲಿ ನಕ್ಷೆ ತೋರಿಸುವ ಸಿದ್ಧ ಕೋಡು) ಹಾಕಿದೆ. ಅದು ನಿಜವಾದ ಭೂಮಿಯ ನಕ್ಷೆಗೆ ಅಂತ ಹುಟ್ಟಿದ್ದು. ಹಾಗಾಗಿ ನನ್ನ ಕಲ್ಪನೆಯ ದೇಶಕ್ಕೂ ಅಕ್ಷಾಂಶದ ಲೆಕ್ಕವೇ: ಮೊದಲು ವೈ (ಮೇಲೆ-ಕೆಳಗೆ ಎಷ್ಟು), ಆಮೇಲೆ ಎಕ್ಸ್ (ಅಡ್ಡಕ್ಕೆ ಎಷ್ಟು). ನಾನು ಶಾಲೆಯಲ್ಲಿ ಕಲಿತಂತೆ ಎಕ್ಸ್ ಮೊದಲು ಕೊಟ್ಟೆ. ಬಂದರು ಹೋಗಿ ಹಿಮದ ಬೆಟ್ಟದ ಮೇಲೆ ಕೂತಿತು. ಒಂದು ಶನಿವಾರ ಪೂರ್ತಿ ಅದಕ್ಕೇ ಹೋಯಿತು.

ಇಷ್ಟೆಲ್ಲ ಮಾಡಿದ್ದು ಆಟಗಾರರು ಕಾಲಿಡದ ಜಾಗ ಮಬ್ಬಾಗಿರಲಿ, ಅವರು ಹೋದಂತೆ ಒಂದೊಂದೇ ತೆರೆಯಲಿ ಅಂತ. ಕಥೆಯ ಗುಟ್ಟು ಬರೆದು ನಕ್ಷೆಗೆ ಚುಚ್ಚಿದ್ದ ಪಿನ್ನುಗಳನ್ನೂ ಮುಚ್ಚಿಟ್ಟಿದ್ದೆ. ಮುಚ್ಚಿಟ್ಟೆ ಅಂದರೆ ಏನು, ಪರದೆ ಮೇಲೆ ಕಾಣದಂತೆ ಮಾಡಿದ್ದೆ ಅಷ್ಟೇ. ಪುಟದ ಜತೆ ಎಲ್ಲರ ಬ್ರೌಸರಿಗೂ ಆ ಪಿನ್ನುಗಳ ಫೈಲು ಹೋಗಿ ಕೂತಿತ್ತು.

ನಮ್ಮ ಗುಂಪಿನ ಕಳ್ಳ (ಆಟದಲ್ಲಿ ಕಳ್ಳ, ಹಗಲು ಹೊತ್ತು ಸಾಫ್ಟ್‌ವೇರ್ ಇಂಜಿನಿಯರ್) ಅದನ್ನು ತೆಗೆದು ಓದಿದ್ದಾನೆ. ಕೇಳಿದರೆ, “ಕಳ್ಳ ತಾನೆ ಮಾರಾಯ, ಪಾತ್ರಕ್ಕೆ ತಕ್ಕ ಹಾಗೆ ಆಡಿದೆ” ಅಂತಾನೆ. ಪಾತ್ರದ ಕಳ್ಳ ಒಂದು ಹಾಳು ಪೆಟ್ಟಿಗೆಯ ಬೀಗ ತೆಗೆಯೋಕೂ 20 ಮುಖದ ದಾಳ ಹಾಕಬೇಕು. ಇವನು ಎಫ್ 12 ಒತ್ತಿದ, ಪುಟದ ಹಿಂದಿನ ಕೋಡು, ಫೈಲು ಎಲ್ಲ ಬ್ರೌಸರೇ ತೆರೆದು ತೋರಿಸಿತು.

ಇಷ್ಟಕ್ಕೆ ಉಳಿದವರೂ ಇಂಜಿನಿಯರುಗಳೇ ಅಲ್ವಾ, ನನಗೇ ಪಾಠ. “ಗುಟ್ಟಿನ ಪಿನ್ನು ಸರ್ವರಿನಲ್ಲೇ ಇರಬೇಕಿತ್ತು. ಬ್ರೌಸರಿಗೆ ಕಳಿಸಿದ ಮೇಲೆ ಗುಟ್ಟೆಲ್ಲಿ ಬಂತು?” ಸರಿ ಸ್ವಾಮಿ, ಒಪ್ಪಿದೆ. ಪಕ್ಕದ ಮನೆಯವರು ಚಿಲಕ ಹಾಕಿಲ್ಲ ಅಂತ ಒಳಗೆ ನುಗ್ಗಿ ಪಾತ್ರೆ ಮುಚ್ಚಳ ತೆಗೆದು ನೋಡ್ತೀರಾ? ನೋಡಿ, “ಸಾರಿಗೆ ಉಪ್ಪು ಕಮ್ಮಿ” ಅಂತ ಬೇರೆ ಹೇಳ್ತೀರಾ? ಯಾಕೆಂದರೆ ಇವನು ಅದನ್ನೂ ಮಾಡಿದ. ಉತ್ತರದ ನದಿ ಎರಡಾಗಿ ಸೀಳಿ ಎರಡು ಸಮುದ್ರ ಸೇರುತ್ತಂತೆ, ಅದು ತಪ್ಪಂತೆ. ಶ್ರೀರಂಗಪಟ್ಟಣದಲ್ಲಿ ಕಾವೇರಿ ಸೀಳಲ್ವಾ ಅಂದೆ. “ಸೀಳಿ ಮತ್ತೆ ಕೂಡುತ್ತಲ್ಲ” ಅಂದ. ಅದು ಸರಿ. ಅದಕ್ಕೇ ಜಾಸ್ತಿ ಉರಿ.

ಒಂದು ನಿಜ ಹೇಳಿಬಿಡುತ್ತೇನೆ. ಮಿಕ್ಕ ನಾಲ್ವರು ನಕ್ಷೆಯನ್ನು ಸರಿಯಾಗಿ ತೆರೆದೇ ಇರಲಿಲ್ಲ. ಒಬ್ಬಳು ಲಿಂಕೇ ಕಳೆದುಕೊಂಡಿದ್ದಳು. ಮೂಲೆ ದ್ವೀಪದಲ್ಲಿರುವ ದೀಪಸ್ತಂಭದ ಕಾವಲುಗಾರನ ನಾಯಿಗೂ ನಾನು ಹೆಸರಿಟ್ಟಿದ್ದೇನೆ ಅಂತ ಗೊತ್ತಿರುವುದು ಈ ಕಳ್ಳನೊಬ್ಬನಿಗೇ. ನಿನ್ನೆ ಹೊರಡುವಾಗ ಆ ನಾಯಿ ಬಗ್ಗೆ ಕೇಳಿದ. ನಾನು ಮಾತಾಡಲಿಲ್ಲ, ಸಿಟ್ಟಿನಲ್ಲಿದ್ದೆ.

ಬೆಳಗ್ಗೆ ಎದ್ದು ಫೈಲಿಗೆ ಹೊಸದಾಗಿ ಐದು ಪಿನ್ನು ಸೇರಿಸಿದ್ದೇನೆ. ಅದರಲ್ಲಿ ನಾಲ್ಕು ಸುಳ್ಳು. ಅವನು ಈ ಪೋಸ್ಟನ್ನೂ ಓದುತ್ತಾನೆ. ಓದಲಿ.