ಸಂಗಾತಿಗೆ ಬಾಗಿಲು ತೆರೆದರೆ ಜೈಲೇ?

ಅಪರಾಧ ಮಾಡಿ ಬಂದವರಿಗೆ ಆಶ್ರಯ ಕೊಟ್ಟರೆ ಗಂಡ-ಹೆಂಡತಿಗೆ ಇರುವ ವಿನಾಯಿತಿ ಸಲಿಂಗ ಸಂಗಾತಿಗಳಿಗೂ ಬೇಕೇ?

ಪರ

ಮೈಸೂರಿನ ಸರಸ್ವತಿಪುರಂನಲ್ಲಿ ಒಂದು ಬಾಡಿಗೆ ಮನೆ ಅಂದುಕೊಳ್ಳಿ. ಹತ್ತು ವರ್ಷದಿಂದ ಇಬ್ಬರು ಹೆಂಗಸರು ಅಲ್ಲಿ ಜೊತೆಯಾಗಿ ಬಾಳುತ್ತಿದ್ದಾರೆ. ಒಂದು ರಾತ್ರಿ ಒಬ್ಬಳು ಜಗಳದಲ್ಲಿ ಯಾರಿಗೋ ಹೊಡೆದು, ನಡುಗುತ್ತಾ ಬಂದು ಬಾಗಿಲು ತಟ್ಟುತ್ತಾಳೆ. ಪೆಟ್ಟು ತಿಂದವನು ಉಳಿದಿಲ್ಲ. ಇನ್ನೊಬ್ಬಳು ಅವಳನ್ನು ಒಳಗೆ ಕರೆದು ಚಿಲಕ ಹಾಕುತ್ತಾಳೆ, ತಟ್ಟೆಗೆ ಬಿಸಿ ಅನ್ನ ಸಾರು ಬಡಿಸುತ್ತಾಳೆ.

ಭಾರತೀಯ ನ್ಯಾಯ ಸಂಹಿತೆಯ 249ನೇ ಕಲಂ ಪ್ರಕಾರ ಇದು ಅಪರಾಧ. ಶಿಕ್ಷೆಯಿಂದ ತಪ್ಪಿಸುವ ಉದ್ದೇಶ ಇದ್ದರೆ ಊಟ ಕೊಟ್ಟದ್ದೂ ಆಶ್ರಯದ ಲೆಕ್ಕಕ್ಕೇ ಬರುತ್ತದೆ. ಕೊಲೆ ಕೇಸಾದರೆ 5 ವರ್ಷದವರೆಗೆ ಜೈಲು. ಪಕ್ಕದ ಮನೆಯ ಹೆಂಡತಿ ತನ್ನ ಗಂಡನಿಗೆ ಇದನ್ನೇ ಮಾಡಿದರೆ ಈ ಕಲಂ ಅವಳನ್ನು ಮುಟ್ಟುವುದಿಲ್ಲ. ಗಂಡ-ಹೆಂಡತಿಗೆ ಅಲ್ಲೇ ವಿನಾಯಿತಿ ಬರೆದಿದ್ದಾರೆ.

ಜೊತೆಗೆ ಬಾಳುವವರನ್ನು ಪೊಲೀಸರಿಗೆ ಹಿಡಿದುಕೊಡು ಎಂದು ಹೇಳಬಾರದು ಅನ್ನುವ ಕರುಣೆ ಅದರಲ್ಲಿದೆ. ಆ ಕರುಣೆ ಈ ಮನೆಗೆ ಯಾಕೆ ಬೇಡ? ಸಲಿಂಗ ಸಂಬಂಧ ಅಪರಾಧವಲ್ಲ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿತು. 2023ರಲ್ಲಿ ಮದುವೆಯ ಹಕ್ಕು ಕೊಡಲಿಲ್ಲ. ಅಂದರೆ ಇವರು ಮದುವೆಯಾಗುವ ಹಾಗೂ ಇಲ್ಲ, ಮದುವೆಯಾಗಿಲ್ಲ ಅಂತ ಜೈಲೂ ತಪ್ಪುವುದಿಲ್ಲ. ಗಂಡ-ಹೆಂಡತಿ ಗುಟ್ಟಾಗಿ ಆಡಿದ ಮಾತನ್ನು ಕೋರ್ಟಿನಲ್ಲಿ ಹೇಳು ಎಂದು ಸಾಮಾನ್ಯವಾಗಿ ಒತ್ತಾಯಿಸುವಂತಿಲ್ಲ. ಆ ರಕ್ಷಣೆಯೂ ಇವರಿಗಿಲ್ಲ. ಇದು ಅನ್ಯಾಯ ಅಲ್ವಾ?

ವಿರೋಧ

ಆ ಇಬ್ಬರ ಬಗ್ಗೆ ನನಗೆ ಯಾವ ತಕರಾರೂ ಇಲ್ಲ. ಆದರೆ ಮಂಡ್ಯದ ಹಳ್ಳಿಯೊಂದರಲ್ಲಿ ತಾಯಿ ತಪ್ಪು ಮಾಡಿದ ಮಗನನ್ನು ಅಟ್ಟದ ಮೇಲೆ ಮಲಗಿಸಿ ಮುದ್ದೆ ಕೊಟ್ಟರೆ, ಅವಳಿಗೂ ಈ ವಿನಾಯಿತಿ ಇಲ್ಲ. ಪ್ರೀತಿಯನ್ನೇ ಅಳೆಯುವುದಾದರೆ ತಾಯಿಗಿಂತ ಮುಂದೆ ಯಾರು ನಿಲ್ಲುತ್ತಾರೆ? ಮದುವೆಯಾಗದೆ ಜೊತೆಗಿರುವ ಗಂಡು-ಹೆಣ್ಣೂ ಹೊರಗೇ. ಕಾನೂನು ಮದುವೆ ಎಂಬ ಒಂದು ಗೆರೆ ಹಾಕಿದೆ, ಯಾಕಂದ್ರೆ ಅದನ್ನು ದಾಖಲೆಯಿಂದ ತೋರಿಸಬಹುದು.

ಗೆರೆ ಅಳಿಸಿದರೆ ನಿಜವಾಗಿ ನೋಯುವವರು ಆ ಇಬ್ಬರೇ. ತಾವು ರೂಮ್‌ಮೇಟ್‌ಗಳಲ್ಲ, ಸಂಗಾತಿಗಳು ಎಂದು ತುಂಬಿದ ಕೋರ್ಟಿನಲ್ಲಿ ಸಾಬೀತು ಮಾಡಬೇಕಾಗುತ್ತದೆ. ಮನೆ ಓನರ್ ಸಾಕ್ಷಿಗೆ ಬರುತ್ತಾರೆ. ಮೊಬೈಲಿನ ಮೆಸೇಜುಗಳನ್ನು ಗಟ್ಟಿಯಾಗಿ ಓದಿಸುತ್ತಾರೆ. ಎಷ್ಟು ಮಂಚ ಇತ್ತು ಎಂದು ಸರ್ಕಾರಿ ವಕೀಲರು ಕೇಳುತ್ತಾರೆ. ಮನೆಯವರಿಗೇ ಹೇಳದ ವಿಷಯ ಊರಿಗೆಲ್ಲ ಗೊತ್ತಾಗುತ್ತದೆ. ಗಂಡ-ಹೆಂಡತಿ ಒಂದು ಸರ್ಟಿಫಿಕೇಟ್ ತೋರಿಸಿ ಈ ಮುಜುಗರದಿಂದ ಪಾರಾಗುತ್ತಾರೆ.

ಆದ್ದರಿಂದ ಮೊದಲು ಸಂಸತ್ತು ಇವರ ಮದುವೆಯನ್ನೇ ನೋಂದಾಯಿಸುವ ಕಾನೂನು ತರಲಿ. ಹಳೇ ದಂಡ ಸಂಹಿತೆಯ 212ನೇ ಕಲಂನ ಇಂಗ್ಲಿಷ್ ಪಠ್ಯದಲ್ಲಿ ‘ಹಸ್ಬೆಂಡ್ ಆರ್ ವೈಫ್’ ಎಂದಿತ್ತು. 2024ರ ಜುಲೈ 1ರಿಂದ ಜಾರಿಯಾದ 249ರಲ್ಲಿ ‘ಸ್ಪೌಸ್’, ಅಂದರೆ ಮದುವೆಯಾದ ಸಂಗಾತಿ, ಎಂದಷ್ಟೇ ಇದೆ. ಮದುವೆಗೆ ಒಪ್ಪಿಗೆ ಸಿಕ್ಕ ದಿನ ಆ ಪದದೊಳಗೆ ಇವರೂ ಬರುತ್ತಾರೆ, ಕಲಂ ತಿದ್ದುವ ಅಗತ್ಯವೇ ಇರುವುದಿಲ್ಲ.